ಕೆಲಸದ ಕ್ಯಾಲೆಂಡರ್, ನಾಯಿಯ ಕ್ಯಾಲೆಂಡರ್

ಹೊರದೇಶದಲ್ಲಿ ನಾಲ್ಕಾರು ತಿಂಗಳ ಕೆಲಸ ಹುಡುಕುತ್ತಿರುವ, ಮನೆಯಲ್ಲಿ ನಾಯಿಯೂ ಇರುವ ಗೆಳೆಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ನಾಯೀನ ಕರ್ಕೊಂಡು ಹೋಗೋಕೆ ಯಾವ ಏರ್‌ಲೈನ್ ಒಳ್ಳೇದು?" ಎರಡನೇದು, "ಟಿಕೆಟ್ ಎಷ್ಟಾಗುತ್ತೆ?" ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅವುಗಳ ಸರದಿ ಕೊನೆಗೆ. ನಾನು ತಿರುಗಿ ಕೇಳುವುದು ಬೇರೆ: ನಿಮ್ಮ ನಾಯಿಯ ಚರ್ಮದಡಿ ಗುರುತಿನ ಚಿಪ್ ಹಾಕಿಸಿದ್ದು ಯಾವತ್ತು, ರೇಬಿಸ್ ಇಂಜೆಕ್ಷನ್ ಆಗಿದ್ದು ಯಾವತ್ತು, ರಕ್ತ ತೆಗೆಸಿದ್ದು ಯಾವತ್ತು? ಆ ಕಡೆ ಸುಮ್ಮನಾಗುತ್ತಾರೆ. ಕೆಲಸದ ಮಾತುಕತೆ ಆಗಲೇ ಅರ್ಧ ಮುಗಿದಿರುತ್ತೆ, ಸೇರುವ ತಾರೀಕೂ ಬಾಯಿಮಾತಿನಲ್ಲಿ ಗೊತ್ತಾಗಿರುತ್ತೆ. ನಾಯಿಯ ಕಡೆಯಿಂದ ಒಂದು ಕಾಗದವೂ ಎದ್ದಿರುವುದಿಲ್ಲ.

ಸಣ್ಣ ಅವಧಿಯ ಕೆಲಸ ಹೇಗೆ ಸಿಗುತ್ತೆ ಅಂತ ಅದರಲ್ಲೇ ಬದುಕಿದವರಿಗೆ ಗೊತ್ತು. ಯಾರೋ ನಡುವೆ ಬಿಟ್ಟು ಹೋಗಿರುತ್ತಾರೆ, ಸೀಸನ್ ಶುರುವಾಗಿರುತ್ತೆ, ಒಂದು ದಿನ ಫೋನ್ ಬರುತ್ತೆ, "ಮುಂದಿನ ಸೋಮವಾರ ಬರ್ತೀರಾ?" ಹೂಂ ಅಂದವರಿಗೆ ಕೆಲಸ. ನಾಯಿಯ ಕಾಗದಪತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ತಿಂಗಳುಗಳು ಬೇಕು. ಎಷ್ಟು ದುಡ್ಡು ಕೊಟ್ಟರೂ, ಯಾರ ಕೈಕಾಲು ಹಿಡಿದರೂ ಆ ತಿಂಗಳುಗಳು ವಾರಗಳಾಗುವುದಿಲ್ಲ. ಈ ಎರಡು ಕ್ಯಾಲೆಂಡರ್‌ಗಳು ಒಂದಕ್ಕೊಂದು ಹೊಂದುವುದೇ ಇಲ್ಲ ಅನ್ನುವುದು ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೆಯುತ್ತಿದೆ. ಕೆಲಸ ಸಿಕ್ಕ ಮೇಲೆ ನಾಯಿಯ ವಿಷಯ ನೋಡೋಣ ಅಂದುಕೊಂಡರೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತೆ. ಹಾಗೆ ಬಿಟ್ಟುಹೋಗುವುದು ಹೆಚ್ಚಾಗಿ ನಾಯಿಯೇ.

ಚಿಪ್ ಮೊದಲು, ಇಂಜೆಕ್ಷನ್ ಆಮೇಲೆ

ನನ್ನ ನಾಯಿಯ ಹೆಸರು ಗುಂಡ. ಜಾತಿ ಇಂಥದ್ದೇ ಅಂತ ಹೇಳಲಾಗದ, 18 ಕೆಜಿ ತೂಗುವ, ಒಂದು ಕಿವಿ ಮಾತ್ರ ನಿಲ್ಲುವ ನಾಯಿ. ಯುರೋಪಿನ ಒಂದು ದೇಶದಲ್ಲಿ ಸೀಸನ್ ಕೆಲಸ ಹುಡುಕಬೇಕು ಅಂತ ಮನಸ್ಸು ಮಾಡಿದಾಗ ಮೊದಲು ಹೋಗಿದ್ದು ಪಶುವೈದ್ಯರ ಹತ್ತಿರ. ಗುಂಡನನ್ನು ಸ್ಟೀಲ್ ಮೇಜಿನ ಮೇಲೆ ನಿಲ್ಲಿಸಿದೆವು. ಉಗುರು ಜಾರಿ ಕಾಲುಗಳು ಅಗಲವಾದವು, ಅವನು ಇಡೀ ಭಾರವನ್ನು ನನ್ನ ಹೊಟ್ಟೆಗೆ ಆನಿಸಿ ನಿಂತ. ಡಾಕ್ಟರು ಸ್ಕ್ಯಾನರ್ ತಂದು ಎರಡು ಭುಜಗಳ ನಡುವೆ ಆಡಿಸಿದರು. ಸದ್ದಿಲ್ಲ. ಇನ್ನೊಮ್ಮೆ ಆಡಿಸಿದರು. ಆಗಲೂ ಇಲ್ಲ. ಚಿಪ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಚರ್ಮದಡಿ ಜರುಗುತ್ತೆ ಅಂತ ಹೇಳುತ್ತಾ ಅವರು ಸ್ಕ್ಯಾನರನ್ನು ನಿಧಾನವಾಗಿ ಎಡಗಾಲಿನ ಕಡೆ ಇಳಿಸಿದರು. ಭುಜದ ಕೆಳಗೆ ಬಂದಾಗ ಬೀಪ್ ಅಂತು. 15 ಅಂಕಿ. ಅವರು ಒಂದೊಂದೇ ಅಂಕಿ ಓದಿದರು, ನಾನು ಗುಂಡನ ಲಸಿಕೆ ಪುಸ್ತಕದಲ್ಲಿ ಬೆರಳಿಟ್ಟು ನೋಡಿದೆ. ಆಮೇಲೆ ನಾನು ಓದಿದೆ, ಅವರು ಪರದೆಯ ಮೇಲೆ ನೋಡಿದರು.

ನಂಬರು ಸರಿಯಿತ್ತು. ಆದರೆ ಅವರು ಪುಟ ತಿರುವಿ ಸ್ವಲ್ಪ ಹೊತ್ತು ನೋಡಿ, "ಇದು ನಡೆಯೋದಿಲ್ಲ" ಅಂದರು. ಹಿಂದೆ ಒಂದು ಕಡೆ ಹಾಕಿಸಿದ್ದ ರೇಬಿಸ್ ಇಂಜೆಕ್ಷನ್ ಚಿಪ್‌ಗಿಂತ ಮೊದಲಿನದು. ಚಿಪ್ ಹಾಕಿದ ದಿನ ಅಥವಾ ಅದರ ನಂತರ ಕೊಟ್ಟ ಇಂಜೆಕ್ಷನ್ ಮಾತ್ರ ಯುರೋಪಿನವರ ಲೆಕ್ಕಕ್ಕೆ ಬರುತ್ತೆ. ಚಿಪ್ ಇಲ್ಲದ ದಿನ ಚುಚ್ಚಿದ್ದು ಈ ನಾಯಿಗೇ ಅಂತ ತೋರಿಸುವುದಾದರೂ ಹೇಗೆ ಅಲ್ವಾ? ಗುಂಡನ ಮೈಯಲ್ಲಿ ಲಸಿಕೆಯ ಶಕ್ತಿ ಇದ್ದೇ ಇತ್ತು, ಕಾಗದದ ಪ್ರಕಾರ ಮಾತ್ರ ಅವನಿಗೆ ಯಾವ ಲಸಿಕೆಯೂ ಆಗಿರಲಿಲ್ಲ. ಅವತ್ತೇ ಹೊಸದಾಗಿ ಹಾಕಿಸಿದೆವು. ಅಲ್ಲಿಂದ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಯಬೇಕು. ಅದು ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬ್‌ಗೇ ಹೋಗಬೇಕು. ರೇಬಿಸ್ ವಿರುದ್ಧದ ಶಕ್ತಿ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ಬಂದರೂ, ರಕ್ತ ತೆಗೆದ ದಿನದಿಂದ ಇನ್ನೂ 3 ತಿಂಗಳು ಕಾಯಬೇಕು. ರೇಬಿಸ್ ಹತೋಟಿಯಲ್ಲಿದೆ ಅಂತ ಅವರು ಪಟ್ಟಿ ಮಾಡಿದ ದೇಶಗಳಿಂದ ಹೋಗುವವರಿಗೆ ಈ ರಕ್ತಪರೀಕ್ಷೆ ಇಲ್ಲ, ಮೊದಲ ಇಂಜೆಕ್ಷನ್ ಆಗಿ 21 ದಿನ ಕಳೆದರೆ ಸಾಕು. ನಾವಿದ್ದದ್ದು ಪಟ್ಟಿಯ ಹೊರಗಿನ ದೇಶ. ಅಂದರೆ ಎಲ್ಲವೂ ಸರಿಯಾಗಿ ನಡೆದರೂ ನಾಲ್ಕು ತಿಂಗಳಿಗಿಂತ ಮೊದಲು ಹೊರಡುವಂತಿಲ್ಲ.

ಅದೇ ವಾರ ಬೆಟ್ಟದ ಮೇಲಿನ ಒಂದು ಹೋಟೆಲಿನವರು ಫೋನ್ ಮಾಡಿದರು. ಅಡುಗೆಮನೆ ಕೆಲಸ, ಇರಲು ಕೋಣೆ, ನಾಯಿ ಬಂದರೂ ಅಡ್ಡಿಯಿಲ್ಲ, ಮುಂದಿನ ತಿಂಗಳ ಮೊದಲ ವಾರ ಬರಬೇಕು. ಆ ಕೆಲಸವನ್ನು ಬಿಟ್ಟುಕೊಟ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ನಿಜ. ಆದರೆ ಅದರಿಂದ ಒಂದು ವಿಷಯ ಪಕ್ಕಾ ಆಯಿತು. ಅಲ್ಲಿಂದ ಮುಂದೆ ನಾಯಿ ಹೊರಡಬಹುದಾದ ಮೊದಲ ತಾರೀಕನ್ನು ಗೋಡೆಯ ಮೇಲೆ ಬರೆದು ಹಾಕಿ, ಅದರ ನಂತರ ಶುರುವಾಗುವ ಕೆಲಸಗಳಿಗೆ ಮಾತ್ರ ಅರ್ಜಿ ಹಾಕಿದೆ.

ಆ ಕಾಯುವಿಕೆ ಯಾಕೆ

ಈ ಮೂರು ತಿಂಗಳನ್ನು ಸುಮ್ನೆ ಕಾಟ ಅಂತ ಬೈಯುವವರು ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ರೇಬಿಸ್ ಮೈಗೆ ಸೇರಿದ ಕೂಡಲೇ ತೋರಿಸಿಕೊಳ್ಳುವ ರೋಗ ಅಲ್ಲ. ಕಚ್ಚಿದ ಜಾಗದಿಂದ ವೈರಸ್ಸು ನರಗಳ ದಾರಿ ಹಿಡಿದು ಮೆದುಳಿಗೆ ಹೋಗಬೇಕು, ಅದಕ್ಕೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಿಡಿಯುತ್ತೆ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯಾಗಲಿ ಮನುಷ್ಯರಾಗಲಿ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಲಸಿಕೆ ಹಾಕುವ ಮೊದಲೇ ನಾಯಿಗೆ ರೋಗ ತಗುಲಿದ್ದರೆ ರಕ್ತಪರೀಕ್ಷೆ ಅದನ್ನು ಹೇಳುವುದಿಲ್ಲ. ಲಸಿಕೆ ಕೆಲಸ ಮಾಡಿದೆ ಅಂತಷ್ಟೇ ಹೇಳುತ್ತೆ. ಒಳಗೆ ಏನಾದರೂ ಅಡಗಿದ್ದರೆ ಅದು ಹೊರಬೀಳಲು ಸಮಯ ಕೊಡುವುದೇ ಆ ಕಾಯುವಿಕೆ. ಹುಚ್ಚುನಾಯಿ ಕಡಿತಕ್ಕೆ ಹೆದರಿ ಮಕ್ಕಳನ್ನು ಬೀದಿಗೆ ಬಿಡದ ಕಡೆ ಬದುಕಿದವರಿಗೆ ಆ ಭಯ ಗೊತ್ತು. ಅದಿಲ್ಲದ ಊರಿಗೆ ನನ್ನ ನಾಯಿಯನ್ನು ಒಯ್ಯುವಾಗ ಅವರು ಅಷ್ಟು ಜಾಗ್ರತೆ ಮಾಡುವುದು ನ್ಯಾಯವೇ.

ದೇಶ ಆರಿಸಬೇಕಾದ್ದು ಯಾರಿಗಾಗಿ

ಕೆಲಸ ಎಲ್ಲಿ ಸಿಗುತ್ತೋ ಅಲ್ಲಿಗೆ ಅನ್ನುವುದು ಒಬ್ಬರೇ ಹೋಗುವವರ ಮಾತು. ನಾಯಿ ಜೊತೆಗಿದ್ದರೆ ದೇಶಗಳ ಪಟ್ಟಿ ತಾನಾಗಿಯೇ ಸಣ್ಣದಾಗುತ್ತೆ. ಜಪಾನ್ ತೆಗೆದುಕೊಳ್ಳಿ. ರೇಬಿಸ್ ಇಲ್ಲದ್ದೆಂದು ಅವರು ಗುರುತಿಸಿದ ಕೆಲವೇ ಜಾಗಗಳನ್ನು ಬಿಟ್ಟು ಬೇರೆ ಕಡೆಯಿಂದ ಬರುವ ನಾಯಿಗೆ ಚಿಪ್ ಆದ ಮೇಲೆ ಎರಡು ಸಲ ರೇಬಿಸ್ ಲಸಿಕೆ, ಆಮೇಲೆ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ 180 ದಿನ ಕಾಯುವಿಕೆ. ಇಳಿಯುವ 40 ದಿನ ಮೊದಲೇ ಅಲ್ಲಿನ ಅಧಿಕಾರಿಗಳಿಗೆ ತಿಳಿಸಿರಬೇಕು. 180 ದಿನ ತುಂಬದೆ ಹೋದರೆ ಮಿಕ್ಕ ದಿನಗಳನ್ನು ನಾಯಿ ಕ್ವಾರಂಟೈನಿನ ಕೋಣೆಯಲ್ಲಿ ಕಳೆಯಬೇಕು. ಆಸ್ಟ್ರೇಲಿಯಾ ಇನ್ನೂ ಬಿಗಿ. ಎಲ್ಲ ಕಾಗದ ಸರಿಯಿದ್ದರೂ ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್‌ನಲ್ಲಿರುವ ಸರಕಾರಿ ಕ್ವಾರಂಟೈನಿನಲ್ಲಿ ಕನಿಷ್ಠ 10 ದಿನ ಇರಲೇಬೇಕು, ನಾಯಿಯ ಗುರುತಿನ ತಪಾಸಣೆ ಅವರ ಕ್ರಮದಂತೆ ಆಗಿರದಿದ್ದರೆ 30 ದಿನ. ಎಷ್ಟೋ ದೇಶಗಳಿಂದ ನೇರವಾಗಿ ಒಯ್ಯಲು ಅವಕಾಶವೇ ಇಲ್ಲ. ಅಲ್ಲಿ ಸುತ್ತಾಡಿಕೊಂಡು ಕೆಲಸ ಮಾಡಲು ಯುವಕರಿಗೆ ಕೊಡುವ ವರ್ಕಿಂಗ್ ಹಾಲಿಡೇ ವೀಸಾ 12 ತಿಂಗಳದ್ದು. ಒಂದು ವರ್ಷದ ವೀಸಾಕ್ಕೆ ಆರೇಳು ತಿಂಗಳ ತಯಾರಿ, ಮೇಲೆ ಕ್ವಾರಂಟೈನು, ಮತ್ತೆ ವಾಪಸ್ ಪ್ರಯಾಣ. ಇದನ್ನು ನಾನಂತೂ ಯಾವ ನಾಯಿಗೂ ಮಾಡೆನು.

ಬ್ರಿಟನ್ನಿನ ದಾರಿ ಬೇರೆ ಥರ. ವಿಮಾನದಲ್ಲಿ ಅಲ್ಲಿಗೆ ಹೋಗುವ ಸಾಕುನಾಯಿ ಸರಕಿನ ಲೆಕ್ಕದಲ್ಲೇ, ಅಂದರೆ ಕಾರ್ಗೋ ಆಗಿ ಇಳಿಯಬೇಕು, ಕೈಚೀಲದ ಹಾಗೆ ಕ್ಯಾಬಿನ್‌ನಲ್ಲಿ ಒಯ್ಯುವಂತಿಲ್ಲ. ಲಾಡಿಹುಳುವಿನ ಔಷಧಿಯನ್ನು ಇಳಿಯುವ 24 ಗಂಟೆಯಿಂದ 120 ಗಂಟೆಯೊಳಗೆ ಡಾಕ್ಟರೇ ಕೊಟ್ಟು ಬರೆದಿರಬೇಕು. ಐರ್ಲೆಂಡ್, ಫಿನ್‌ಲೆಂಡ್, ಮಾಲ್ಟಾ, ನಾರ್ವೆಗಳೂ ಇದೇ ಔಷಧಿ ಕೇಳುತ್ತವೆ. ಅಮೆರಿಕ 2024ರ ಆಗಸ್ಟ್‌ನಿಂದ ಆರು ತಿಂಗಳು ತುಂಬದ ನಾಯಿಯನ್ನು ಒಳಗೆ ಬಿಡುವುದಿಲ್ಲ. ರೇಬಿಸ್ ಜಾಸ್ತಿ ಇರುವ ದೇಶಗಳಿಂದ ಬರುವ ನಾಯಿಗಳಿಗೆ ಅಲ್ಲಿ ನಿಯಮ ಇನ್ನೂ ಹೆಚ್ಚು. ತಳಿಯನ್ನೂ ನೋಡಿಕೊಳ್ಳಬೇಕು. ಪಿಟ್‌ಬುಲ್ ಥರದ ನಾಯಿಗಳಿಗೆ ಜರ್ಮನಿಯಲ್ಲೂ ಬ್ರಿಟನ್ನಿನಲ್ಲೂ ಬಾಗಿಲು ಮುಚ್ಚಿದೆ. ಪಗ್, ಬುಲ್‌ಡಾಗ್ ಥರದ ಚಪ್ಪಟೆ ಮೂಗಿನವಕ್ಕೆ ದೇಶ ಒಪ್ಪಿದರೂ ಬಹಳ ಏರ್‌ಲೈನ್‌ಗಳು ಒಪ್ಪುವುದಿಲ್ಲ. ಬಿಸಿಗೆ, ಗಾಬರಿಗೆ ಅವುಗಳ ಉಸಿರಾಟ ಬೇಗ ಕೆಡುತ್ತೆ, ವಿಮಾನದ ಹೊಟ್ಟೆಯಲ್ಲಿ ಸತ್ತದ್ದೂ ಉಂಟು. ಅಂಥ ನಾಯಿ ಇದ್ದವರಿಗೆ ನನ್ನ ಮಾತು ಒಂದೇ, ವಿಮಾನದ ಯೋಚನೆ ಬಿಡಿ.

ವೀಸಾ ನಿಮ್ಮದು, ತೊಂದರೆ ಇಬ್ಬರದೂ

ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ನೋಡಿಕೊಳ್ಳುತ್ತೇನೆ ಅನ್ನುವವರಿದ್ದಾರೆ. ಒಬ್ಬರೇ ಆದರೂ ಅದು ಬೇಡ ಅನ್ನುತ್ತೇನೆ. ನಾಯಿ ಜೊತೆ ಅಂತೂ ಬೇಡವೇ ಬೇಡ. ಗಡಿಯಲ್ಲಿ ನಿಮ್ಮನ್ನು ತಿರುಗಿಸಿ ಕಳಿಸಿದರೆ, ಹತ್ತಾರು ಗಂಟೆ ಪಂಜರದಲ್ಲಿ ಕೂತು ಬಂದ ಪ್ರಾಣಿ ಮತ್ತೆ ಅದೇ ಪಂಜರ ಸೇರಬೇಕು. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳಲ್ಲಿ, ಅಂದರೆ ಶೆಂಗೆನ್ ದೇಶಗಳಲ್ಲಿ, ಸಣ್ಣ ಭೇಟಿಗೆ ಬಂದವರು ಯಾವ 180 ದಿನ ತೆಗೆದುಕೊಂಡರೂ ಅದರಲ್ಲಿ 90 ದಿನ ಮಾತ್ರ ಇರಬಹುದು. ನಾಯಿಯ ತಯಾರಿಯೇ ಅದಕ್ಕಿಂತ ಉದ್ದ. ಕೆಲಸ ಹುಡುಕಲೆಂದೇ ಕೊಡುವ ಪರವಾನಗಿಗಳು ಈಗ ಇವೆ. ಜರ್ಮನಿಯವರು 2024ರ ಜೂನ್‌ನಲ್ಲಿ ಶುರು ಮಾಡಿದ ಆಪರ್ಚುನಿಟಿ ಕಾರ್ಡ್‌ನಲ್ಲಿ ಒಂದು ವರ್ಷದವರೆಗೆ ಅಲ್ಲಿದ್ದು ಹುಡುಕಬಹುದು, ಹುಡುಕುತ್ತಲೇ ವಾರಕ್ಕೆ 20 ಗಂಟೆವರೆಗೆ ದುಡಿಯಬಹುದು. ನಾಯಿ ಇರುವವರಿಗೆ ಇಂಥ ಉದ್ದದ ಪರವಾನಗಿಯೇ ಸರಿ.

ಇನ್ನೊಂದು ನಿಯಮ ಕೆಲಸ ಹುಡುಕುವವರನ್ನೇ ನೇರವಾಗಿ ಹಿಡಿಯುತ್ತೆ. ಯುರೋಪಿಗಾಗಲಿ ಬ್ರಿಟನ್ನಿಗಾಗಲಿ, ನಾಯಿ ಮತ್ತು ಯಜಮಾನರ ಪ್ರಯಾಣದ ನಡುವೆ 5 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಇದ್ದರೆ ಅದು ಸಾಕುನಾಯಿಯ ಪ್ರಯಾಣ ಅನ್ನಿಸಿಕೊಳ್ಳುವುದಿಲ್ಲ, ವ್ಯಾಪಾರದ ಸಾಗಣೆಯ ನಿಯಮಗಳು ಬಂದು ಕೂರುತ್ತವೆ. "ಮೊದಲು ನಾನು ಹೋಗಿ ಕೆಲಸ, ಮನೆ ಎಲ್ಲ ನೋಡ್ಕೊತೀನಿ, ಒಂದು ತಿಂಗಳಾದ ಮೇಲೆ ನಾಯೀನ ಕಳಿಸಿಬಿಡಿ" ಅಂತ ಮನೆಯವರಿಗೆ ಹೇಳಿ ಹೊರಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದು ಇಲ್ಲಿ ಸಿಕ್ಕಿಬೀಳುತ್ತೆ. ಮೊದಲು ಹೋಗಬಹುದು, ಆದರೆ ನಾಯಿಗಾಗಿ ಮತ್ತೆ ವಾಪಸ್ ಬಂದು ಕರೆದುಕೊಂಡು ಹೋಗಬೇಕು. ಎರಡು ಟಿಕೆಟ್ಟಿನ ಖರ್ಚು ಅಂತ ಮೊದಲೇ ಬರೆದುಕೊಳ್ಳಿ. ಸರಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರವನ್ನೂ ಯುರೋಪಿಗೆ ಇಳಿಯುವ 10 ದಿನದೊಳಗೆ ಮಾಡಿಸಿರಬೇಕು. ಹೊರಡುವ ತಾರೀಕು ಒಂದು ವಾರ ಮುಂದಕ್ಕೆ ಹೋದರೆ ಅದನ್ನು ಮತ್ತೆ ಮಾಡಿಸಬೇಕಾಗಬಹುದು.

ಪಂಜರದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಜಾಸ್ತಿ ಹೇಳುವುದಿಲ್ಲ. ನಾಯಿ ಅದರೊಳಗೆ ತಲೆ ತಗ್ಗಿಸದೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ನಿದ್ದೆ ಮಾತ್ರೆ ಕೊಡಬೇಡಿ, ಮೇಲೆ ಉಸಿರಾಟ, ರಕ್ತದೊತ್ತಡ ಏರುಪೇರಾದರೆ ನೋಡುವವರಿಲ್ಲ, ಮಂಪರಿನ ನಾಯಿಯನ್ನು ಏರ್‌ಲೈನಿನವರೂ ಹತ್ತಿಸಿಕೊಳ್ಳುವುದಿಲ್ಲ. ಗುಂಡನ ಪಂಜರವನ್ನು ಆ ಕಾಯುವ ತಿಂಗಳುಗಳ ಉದ್ದಕ್ಕೂ ಬಾಗಿಲು ಬಿಚ್ಚಿ ಮನೆಯಲ್ಲೇ ಇಟ್ಟಿದ್ದೆ. ಊಟ ಅದರಲ್ಲಿ, ಮಧ್ಯಾಹ್ನದ ನಿದ್ದೆ ಅದರಲ್ಲಿ. ಕಾಯುವ ಕಾಲ ಇದಕ್ಕೆ ನಿಜವಾಗಿ ಉಪಯೋಗಕ್ಕೆ ಬಂತು.

ಎಂಟು ಗಂಟೆ ಒಂಟಿಯಾಗಿ

ಇಳಿದ ಮೇಲಿನ ದಿನಗಳ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಕಷ್ಟ ಇರುವುದು ಅಲ್ಲೇ. ಕೆಲಸ ಹುಡುಕುವ ದಿನಗಳಲ್ಲಿ ವಾರದ ಬಾಡಿಗೆಯ ಕೋಣೆ ಬೇಕು, ಅದರಲ್ಲಿ ನಾಯಿಗೆ ಒಪ್ಪಿಗೆ ಇರಬೇಕು, ನೀವು ಇಂಟರ್‌ವ್ಯೂಗೆ ಹೋದಾಗ ನಾಯಿ ಅಲ್ಲಿ ಸುಮ್ಮನಿರಬೇಕು. ವಾಸನೆ ಹೊಸದು, ಲಿಫ್ಟಿನ ಸದ್ದು ಹೊಸದು, ಇರುವ ಒಬ್ಬ ಪರಿಚಯದ ಮನುಷ್ಯನೂ ಬಾಗಿಲು ಹಾಕಿಕೊಂಡು ಹೋಗುತ್ತಿದ್ದಾನೆ. ಎಂಥ ಸಮಾಧಾನದ ನಾಯಿಯೂ ಊಳಿಡುತ್ತೆ. ಹಾಗಾಗಿ ಮೊದಲ ಕೆಲವು ದಿನ ಯಾವ ಇಂಟರ್‌ವ್ಯೂವನ್ನೂ ಇಟ್ಟುಕೊಳ್ಳಲಿಲ್ಲ. ಬಾಗಿಲು ಹಾಕಿ ಮೆಟ್ಟಿಲವರೆಗೆ ಹೋಗಿ ಬರುವುದು, ಆಮೇಲೆ ಬೀದಿಯ ತುದಿವರೆಗೆ, ಆಮೇಲೆ ಸ್ವಲ್ಪ ದೂರ, ಇಷ್ಟೇ ಕೆಲಸ. ಕೈಯಲ್ಲಿರುವ ದುಡ್ಡು ಕರಗುತ್ತಿರುವಾಗ ಇದು ಸುಲಭವಲ್ಲ. ಆ ದಿನಗಳ ಖರ್ಚನ್ನು ಮೊದಲೇ ಎತ್ತಿಟ್ಟಿದ್ದರಿಂದ ಸಾಧ್ಯವಾಯಿತು.

ಕೆಲಸದ ಹೊತ್ತೂ ಮುಖ್ಯ. ಸ್ವೀಡನ್‌ನಲ್ಲಿ ಹಗಲು ಹೊತ್ತು ಆರು ಗಂಟೆಗೆ ಒಮ್ಮೆಯಾದರೂ ನಾಯಿಯನ್ನು ಹೊರಗೆ ಕರೆದೊಯ್ಯಬೇಕು ಅಂತ ನಿಯಮವೇ ಇದೆ. ಬೇರೆ ಕಡೆ ಬರೆದಿಟ್ಟಿರಲಿ ಬಿಡಲಿ, ನಾಯಿಯ ಮೂತ್ರಕೋಶ ಒಂದೇ ಅಲ್ವಾ. ಹತ್ತು ಗಂಟೆಯ ಶಿಫ್ಟು, ಹೋಗಿ ಬರಲು ಎರಡು ಗಂಟೆ ಅನ್ನುವ ಗೋದಾಮಿನ ಕೆಲಸಗಳು ಬೇಗ ಸಿಗುತ್ತವೆ, ಸಂಬಳವೂ ಪರವಾಗಿಲ್ಲ. ಅವನ್ನೆಲ್ಲ ನೋಡದೆ ದಾಟಿದೆ. ಹುಡುಕಿದ್ದು ಕೆಲಸದ ಜಾಗದಲ್ಲೇ ಕೋಣೆ ಕೊಡುವವರನ್ನು. ತೋಟ, ಕ್ಯಾಂಪ್ ಮೈದಾನ, ಕುದುರೆ ಲಾಯ, ಬೆಟ್ಟದ ಸಣ್ಣ ವಸತಿಗೃಹ.

ಹಾಗೆ ಸಿಕ್ಕಿದ್ದು ಒಂದು ಸೇಬಿನ ತೋಟ. ಅದರ ಒಡತಿ ವಯಸ್ಸಾದ ಹೆಂಗಸು. ಫೋನಿನಲ್ಲಿ ನನ್ನ ಅನುಭವದ ಬಗ್ಗೆ ಒಂದೆರಡು ಮಾತು ಕೇಳಿದರು ಅಷ್ಟೆ, ಮಿಕ್ಕಿದ್ದೆಲ್ಲ ನಾಯಿಯದು. ಕೋಳಿ ಕಂಡರೆ ಏನು ಮಾಡ್ತಾನೆ? ಟ್ರ್ಯಾಕ್ಟರ್ ಸದ್ದಿಗೆ ಓಡ್ತಾನಾ, ಅದರ ಹಿಂದೆ ಓಡ್ತಾನಾ? ರಾತ್ರಿ ಬೊಗಳ್ತಾನಾ? "ಭಾನುವಾರ ಅವನನ್ನೂ ಕರ್ಕೊಂಡು ಬನ್ನಿ, ನೋಡ್ತೀನಿ" ಅಂದರು. ಹೋದೆವು. ಪ್ಯಾಕಿಂಗ್ ಶೆಡ್ಡಿನ ಪಕ್ಕದಲ್ಲೇ ಕೋಳಿಗಳು ಕೆದಕುತ್ತಿದ್ದವು. ಗುಂಡನ ನಿಂತಿದ್ದ ಒಂದು ಕಿವಿ ಇನ್ನೂ ನೆಟ್ಟಗಾಯಿತು, ಹಗ್ಗ ಬಿಗಿಯಾಯಿತು. ಕೂತ್ಕೋ ಅಂದೆ. ಕೂತ, ಆದರೆ ಮೈಯೆಲ್ಲ ನಡುಗುತ್ತಿತ್ತು. ಆಕೆ ಏನೂ ಹೇಳದೆ ಹೋಗಿ ಟ್ರ್ಯಾಕ್ಟರ್ ಹತ್ತಿ ಚಾಲೂ ಮಾಡಿದರು. ಆ ಸದ್ದಿಗೆ ಗುಂಡ ಕೋಳಿಗಳನ್ನು ಮರೆತು ನನ್ನ ಕಾಲಿನ ಹಿಂದೆ ಬಂದು ನಿಂತು, ಅಲ್ಲಿಂದ ಗಾಲಿಗಳನ್ನೇ ನೋಡುತ್ತಿದ್ದ. ಎಂಜಿನ್ ನಿಲ್ಲಿಸಿ ಇಳಿದು ಬಂದ ಆಕೆ, "ಗಾಲಿ ಅಡಿಗೆ ನುಗ್ಗೋ ನಾಯಿ ಅಲ್ಲ. ಕೋಳಿಗಳನ್ನ ನಾನು ಆಚೆ ಕಟ್ಟಿಸ್ತೀನಿ" ಅಂದರು. ಕೆಲಸ ನನಗೆ ಸಿಕ್ಕಿತು ಅಂತ ಗೊತ್ತಾಗಿದ್ದು ಹಾಗೆ. ಕೋಣೆ ಶೆಡ್ಡಿನ ಹಿಂದೆಯೇ ಇತ್ತು. ಎರಡು ಲೋಡುಗಳ ನಡುವೆ ಹೋಗಿ ಬಾಗಿಲು ತೆಗೆದರೆ ಸಾಕು, ಅವನು ಹೊರಗೆ ಬಂದು ಸಾಲುಗಳ ನಡುವೆ ಒಂದು ಸುತ್ತು ಹಾಕಿ, ಕ್ರೇಟುಗಳ ನೆರಳಿನಲ್ಲಿ ಬಿದ್ದುಕೊಳ್ಳುತ್ತಿದ್ದ.

ಯಾವಾಗ ಬಿಟ್ಟು ಹೋಗಬೇಕು

ಇಷ್ಟೆಲ್ಲ ಆದ ಮೇಲೂ ಎಲ್ಲರೂ ನಾಯಿಯನ್ನು ಕರೆದುಕೊಂಡೇ ಹೋಗಿ ಅಂತ ನಾನು ಹೇಳುವುದಿಲ್ಲ. ಕೆಲಸದ ಅವಧಿ ನಾಯಿಯ ತಯಾರಿಗಿಂತ ಚಿಕ್ಕದಿದ್ದರೆ, ಮನೆಯಲ್ಲಿ ಅದು ನಂಬುವ ಒಬ್ಬರಾದರೂ ಇದ್ದರೆ, ಬಿಟ್ಟು ಹೋಗಿ. ಎರಡು ಮೂರು ತಿಂಗಳು ನಮ್ಮನ್ನು ನೋಡದಿದ್ದರೂ ತನ್ನ ಜಾಗ, ತನ್ನ ಹೊತ್ತಿನ ಊಟ, ಪರಿಚಯದ ಕೈ ಇದ್ದರೆ ಬಹಳ ನಾಯಿಗಳು ನೆಮ್ಮದಿಯಾಗಿರುತ್ತವೆ. ಮುದಿ ನಾಯಿ, ಹೃದಯದ ಕಾಯಿಲೆಯ ನಾಯಿ, ಒಂಟಿಯಾದರೆ ಗಾಬರಿ ಬೀಳುವ ನಾಯಿ, ಇವಕ್ಕೆ ವಿಮಾನ ಹತ್ತಿಸುವುದು ನಮ್ಮ ಸಂಕಟ ಕಡಿಮೆ ಮಾಡಿಕೊಳ್ಳಲೇ ಹೊರತು ಅವುಗಳ ಸುಖಕ್ಕಲ್ಲ. ನಾನು ಗುಂಡನನ್ನು ಒಯ್ದದ್ದು ಅವನನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲದ್ದರಿಂದ, ಒಂದರ ಹಿಂದೆ ಒಂದು ಕೆಲಸ ಹಿಡಿದು ವರ್ಷದ ಹತ್ತಿರ ಹತ್ತಿರ ಅಲ್ಲೇ ಇರುವ ಲೆಕ್ಕ ಇದ್ದದ್ದರಿಂದ. ಆ ಎರಡರಲ್ಲಿ ಒಂದು ಇಲ್ಲದಿದ್ದರೂ ಒಯ್ಯುತ್ತಿರಲಿಲ್ಲ.

ಒಯ್ಯುವವರು ವಾಪಸ್ ಬರುವ ದಾರಿಯನ್ನೂ ಹೊರಡುವ ಮೊದಲೇ ನೋಡಿಟ್ಟುಕೊಳ್ಳಬೇಕು. ಸಣ್ಣ ಅವಧಿಯ ಕೆಲಸ ಹೇಳಿದ ತಾರೀಕಿಗೆ ಮುಗಿಯುತ್ತೆ ಅನ್ನುವ ಭರವಸೆ ಇಲ್ಲ. ಮಳೆ ಬಂದರೆ ಸೀಸನ್ ಬೇಗ ಮುಗಿಯುತ್ತೆ, ಜನ ಬಾರದಿದ್ದರೆ ವಸತಿಗೃಹ ಬಾಗಿಲು ಹಾಕುತ್ತೆ. ನಿಮ್ಮ ಟಿಕೆಟ್ ನಾಳೆಗೂ ಸಿಗಬಹುದು, ನಾಯಿಯದು ಸಿಗುವುದಿಲ್ಲ. ಒಂದು ವಿಮಾನದಲ್ಲಿ ಪ್ರಾಣಿಗಳಿಗೆ ಇರುವ ಜಾಗವೇ ಕಡಿಮೆ, ಬಿಸಿಲುಗಾಲದಲ್ಲಿ ಕೆಲವರು ಒಯ್ಯುವುದೇ ಇಲ್ಲ, ಬಿಟ್ಟುಬಂದ ದೇಶಕ್ಕೆ ಮತ್ತೆ ಒಳಗೆ ಬರಲು ಬೇರೆಯದೇ ಕಾಗದಗಳಿರುತ್ತವೆ. ಅದಕ್ಕೇ ಗುಂಡನ ವಾಪಸ್ ಪ್ರಯಾಣದ ದುಡ್ಡನ್ನು ಬೇರೆ ಖಾತೆಯಲ್ಲಿ ಹಾಕಿಟ್ಟಿದ್ದೆ, ನನ್ನದನ್ನು ದುಡಿದು ಹೊಂದಿಸಿಕೊಂಡೆ.

ಬೂಸ್ಟರ್ ತಾರೀಕೂ ಹಾಗೆಯೇ. ಪಾಸಾದ ರಕ್ತಪರೀಕ್ಷೆಯನ್ನು ಯುರೋಪಿನವರು ಮತ್ತೆ ಕೇಳುವುದಿಲ್ಲ, ಆದರೆ ಅದಕ್ಕೊಂದು ಷರತ್ತಿದೆ. ಹಿಂದಿನ ಲಸಿಕೆಯ ಅವಧಿ ಮುಗಿಯುವ ಮೊದಲೇ ಮುಂದಿನದು ಆಗಿರಬೇಕು. ತಡವಾದರೆ ಇಂಜೆಕ್ಷನ್, 30 ದಿನ, ರಕ್ತ, 3 ತಿಂಗಳು, ಎಲ್ಲವೂ ಮೊದಲಿಂದ. ಗುಂಡನ ಬೂಸ್ಟರ್ ಕೊಯ್ಲಿನ ನಡುವೆಯೇ ಬಂತು. ಒಡತಿಗೆ ಮೊದಲ ದಿನವೇ ತಾರೀಕು ಹೇಳಿಟ್ಟಿದ್ದರಿಂದ ಅವತ್ತು ಅರ್ಧ ದಿನ ರಜೆ ಕೊಟ್ಟರು. ಈಗ ಮತ್ತೆ ಅರ್ಜಿ ಹಾಕುವ ಕಾಲ. ಗುಂಡನ ಕಾಗದ ಎಲ್ಲ ಸರಿಯಿದೆ, ಮುಂದಿನ ಸೋಮವಾರ ಬನ್ನಿ ಅಂದರೂ ಬರಬಹುದು ಅಂತ ಅರ್ಜಿಯ ಮೊದಲ ಸಾಲುಗಳಲ್ಲೇ ಬರೆಯುತ್ತಿದ್ದೇನೆ.